ಸ್ಪೀಕರಿಗೆ ಎಷ್ಟು ದಪ್ಪದ ವೈರ್ ಬೇಕು?

ಇಳಕಲ್ಲಿನ ಓದುಗರೊಬ್ಬರು ಬರೆದಿದ್ದಾರೆ:

"ನಾನು ನಿವೃತ್ತ ಹೈಸ್ಕೂಲ್ ಮಾಸ್ತರ್. ಹೊಸ ಮನೆಯ ಹಾಲ್‌ನಲ್ಲಿ ನನ್ನ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಇಟ್ಟಿದ್ದೇನೆ. ಒಂದೊಂದು ಕಡೆಗೆ 50 ವ್ಯಾಟ್. ಸ್ಪೀಕರ್‌ಗಳು 8 ಓಮಿನವು, ಪೆಟ್ಟಿಗೆಗಳನ್ನು ಬಡಿಗೇರರ ಹತ್ತಿರ ನಾನೇ ನಿಂತು ಮಾಡಿಸಿದ್ದು. ಎಡ ಸ್ಪೀಕರಿಗೆ 3 ಮೀಟರ್ ವೈರ್ ಸಾಕು. ಬಲಗಡೆಯದಕ್ಕೆ ಬಾಗಿಲ ಮೇಲಿಂದ ಸುತ್ತಿ ಬರಬೇಕು, 12 ಮೀಟರ್ ಆಗುತ್ತದೆ. ಸದ್ಯಕ್ಕೆ ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಸ್ಪೀಕರ್ ವೈರ್ ಹಾಕಿದ್ದೇನೆ. ಬೇಸ್ ಬರುತ್ತಿಲ್ಲ, ತಬಲಾದ ಎಡಗೈ ಕೇಳಿಸುವುದೇ ಇಲ್ಲ. ಅಂಗಡಿಯವರು 'ನಾಕು ಎಂಎಂ ಹಾಕ್ರಿ ಸರ್, ಗುಡುಗ್ತದ' ಅಂದರು. ವೈರಿಂಗ್ ಮಾಡಿದ ಹುಡುಗ 'ಮನಿ ಕೆಲಸದಾಗ ಉಳಿದ ಒಂದು ಎಂಎಂ ಸಾಕ್ರಿ' ಅಂತಾನೆ. ಮಗ ಸಾವಿರಾರು ರೂಪಾಯಿಯ ರೆಡಿಮೇಡ್ ಕೇಬಲ್ ತರಿಸೋಣ ಅಂತಾನೆ. ಗೆಳೆಯರೊಬ್ಬರು ಎರಡೂ ವೈರ್ ಒಂದೇ ಉದ್ದ ಇರದಿದ್ದರೆ ಒಂದು ಕಡೆಯ ಸದ್ದು ತಡವಾಗಿ ಬರುತ್ತೆ ಅಂದರು. ತೆಳು ವೈರಿನಿಂದ ಆಂಪ್ಲಿಫೈಯರ್ ಸುಟ್ಟು ಹೋಗುತ್ತದೆಯೇ ಅನ್ನುವ ಭಯವೂ ಇದೆ. ಈಗಿರುವ ವೈರಿನ ಒಂದು ತುಂಡು ಇಟ್ಟು ಕಳಿಸಿದ್ದೇನೆ. ಹಾಗೆಯೇ, ನಮ್ಮ ಭಜನಾ ಮಂಡಳಿಯವರು ಗುಡಿಯಿಂದ 60 ಮೀಟರ್ ದೂರಕ್ಕೆ ಎರಡು ಹಾರ್ನ್ ಎಳೆಯಬೇಕು ಅಂತಿದ್ದಾರೆ. ಅದಕ್ಕೂ ಇದೇ ಲೆಕ್ಕವೇ?"

ಮಾಸ್ತರೇ, ತುಂಡು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅದನ್ನು ನೋಡದೇ ಇದ್ದಿದ್ದರೆ ನಾನೂ ಬರೀ ದಪ್ಪದ ಬಗ್ಗೆ ಬರೆದು ಮುಗಿಸುತ್ತಿದ್ದೆ.

ಮೊದಲು ಭಯ ಕಳೆದುಬಿಡೋಣ. ತೆಳು ವೈರಿನಿಂದ ಆಂಪ್ಲಿಫೈಯರ್ ಸುಡುವುದಿಲ್ಲ. ವೈರ್ ತೆಳುವಾದಷ್ಟೂ ಅದರ ತಡೆ ಜಾಸ್ತಿ. ಆ ತಡೆ ಸ್ಪೀಕರಿನ ಓಮಿಗೆ, ಅಂದರೆ ಸ್ಪೀಕರಿನದೇ ತಡೆಗೆ, ಸೇರಿಕೊಳ್ಳುತ್ತದೆ, ಆಂಪ್ಲಿಫೈಯರ್ ಮೇಲಿನ ಹೊರೆ ಹಗುರವೇ ಆಗುತ್ತದೆ. ಬೆಳಗಾವಿಯಲ್ಲಿ ಆಂಪ್ಲಿಫೈಯರ್ ರಿಪೇರಿಗೆ ಕೂತು ನನಗೆ 30 ವರ್ಷ ದಾಟಿತು. ವೈರ್ ತೆಳುವಾಯಿತು ಅಂತ ಸುಟ್ಟ ಒಂದು ಪೆಟ್ಟಿಗೆಯೂ ನನ್ನ ಮೇಜಿಗೆ ಬಂದಿಲ್ಲ. ಬಂದಿರುವುದು ಬೇರೆ ಕಾರಣಕ್ಕೆ. ವೈರಿನ ತುದಿಯಿಂದ ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್ಲಿಗೆ ತಾಗಿರುತ್ತದೆ. ಅಥವಾ 4 ಓಮಿಗಿಂತ ಕಡಿಮೆ ತಾಳದ ಆಂಪ್ಲಿಫೈಯರಿಗೆ ನಾಲ್ಕು ಸ್ಪೀಕರ್ ಪ್ಯಾರಲಲ್ ಆಗಿ, ಅಂದರೆ ಎಲ್ಲದರ ಪ್ಲಸ್ ಒಟ್ಟಿಗೆ, ಮೈನಸ್ ಒಟ್ಟಿಗೆ, ಜೋಡಿಸಿ ಹಾಕಿರುತ್ತಾರೆ. ಅದಕ್ಕೇ, ವೈರ್ ಕೊಳ್ಳೋದಕ್ಕೂ ಮೊದಲು ಈಗಿರುವ ತುದಿಗಳನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ.

ಇನ್ನು ದಪ್ಪ. ಅಂಗಡಿಯಲ್ಲಿ ಎಲ್ಲರೂ "ಒಂದೂವರೆ ಎಂಎಂ, ಎರಡೂವರೆ ಎಂಎಂ" ಅನ್ನುತ್ತಾರೆ. ಅದು ವೈರಿನ ಅಡ್ಡಗಲ ಅಲ್ಲ. ಒಳಗಿನ ತಾಮ್ರವನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ, ಅಂದರೆ ಚದರ ಮಿಲಿಮೀಟರ್. ಮೇಲಿನ ಪ್ಲಾಸ್ಟಿಕ್ ಎಷ್ಟು ದಪ್ಪ ಇದ್ದರೂ ಲೆಕ್ಕಕ್ಕಿಲ್ಲ.

ಎಷ್ಟು ಚದರ ಎಂಎಂ ಬೇಕು ಅನ್ನುವುದನ್ನು ವೈರಿನ ಉದ್ದ ಮತ್ತು ಸ್ಪೀಕರಿನ ಓಮ್ ನಿರ್ಧರಿಸುತ್ತವೆ. ವ್ಯಾಟ್ ಅಷ್ಟು ಮುಖ್ಯ ಅಲ್ಲ. ಬಹಳ ಕಾಲದಿಂದ ನಡೆದುಬಂದ ಒಂದು ಸರಳ ಅಳತೆ ಇದೆ: ವೈರಿನ ಒಟ್ಟು ತಡೆ ಸ್ಪೀಕರಿನ ಓಮಿನ ನೂರಕ್ಕೆ 5 ದಾಟಬಾರದು. ನಿಮ್ಮ 8 ಓಮಿಗೆ ಅದು 0.4 ಓಮ್. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಕರೆಂಟ್ ಹೋಗಿ ತಿರುಗಿ ಬರಬೇಕಲ್ವಾ? ಹಾಗಾಗಿ 12 ಮೀಟರ್ ಅಂದರೆ ಲೆಕ್ಕಕ್ಕೆ 24 ಮೀಟರ್.

ಒಳ್ಳೆಯ ತಾಮ್ರದ ಬಹು ಎಳೆಯ ವೈರಿನಲ್ಲಿ 1 ಚದರ ಎಂಎಂಗೆ ಮೀಟರಿಗೆ ಹೆಚ್ಚೆಂದರೆ 0.0195 ಓಮ್ ಇರುತ್ತದೆ. 1.5ಕ್ಕೆ 0.0133, 2.5ಕ್ಕೆ 0.008, 4ಕ್ಕೆ 0.005ರ ಹತ್ತಿರ. ಇದನ್ನು 24ರಿಂದ ಗುಣಿಸಿ. 1 ಚದರ ಎಂಎಂ ಹಾಕಿದರೆ 0.47 ಓಮ್, ಗೆರೆಯನ್ನು ಸ್ವಲ್ಪ ದಾಟಿತು. 1.5 ಹಾಕಿದರೆ 0.32, ಒಳಗೇ ಇದೆ. 2.5ಕ್ಕೆ 0.19. 4ಕ್ಕೆ 0.12. ಈಗ ಇದನ್ನು ವ್ಯಾಟಿಗೆ ತಿರುಗಿಸಿ ನೋಡಿ. ಆಂಪ್ಲಿಫೈಯರ್ 50 ವ್ಯಾಟಿನ ಜೋರಿಗೆ ತಿರುಗಿಸಿದಾಗ ಸ್ಪೀಕರಿಗೆ 1ರಲ್ಲಿ ಸುಮಾರು 44.5 ವ್ಯಾಟ್ ತಲುಪುತ್ತದೆ, 1.5ರಲ್ಲಿ 46, 2.5ರಲ್ಲಿ 47.5, 4ರಲ್ಲಿ 48.5. ಎರಡೂವರೆಯಿಂದ ನಾಲ್ಕಕ್ಕೆ ಹೋದರೆ ಸದ್ದಿನಲ್ಲಿ ಆಗುವ ವ್ಯತ್ಯಾಸ ಒಂದು ಡೆಸಿಬಲ್‌ನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಹಾಡು ಕೇಳುತ್ತಾ ಕೂತವರಿಗೆ ಅರ್ಧ ಡೆಸಿಬಲ್ ಏರಿಳಿತವೇ ಗೊತ್ತಾಗುವುದು ಕಷ್ಟ. ನಾಲ್ಕು ಎಂಎಂಗೆ ಗುಡುಗೂ ಬರುವುದಿಲ್ಲ, ಮಿಂಚೂ ಬರುವುದಿಲ್ಲ.

ಹಾಗಾದರೆ ಆ ನೂರಕ್ಕೆ 5ರ ಗೆರೆ ಯಾಕೆ ಬೇಕು, ಸದ್ದು ಸ್ವಲ್ಪ ಕಡಿಮೆಯಾದರೆ ವಾಲ್ಯೂಮ್ ತಿರುಗಿಸಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿರುತ್ತದೆ, ಆದರೆ ಅದು ಎಲ್ಲ ಸ್ವರಕ್ಕೂ 8 ಅಲ್ಲ. ಒಂದು ಸ್ವರಕ್ಕೆ 6ಕ್ಕೆ ಇಳಿಯುತ್ತದೆ, ಬೇಸಿನ ಒಂದು ಜಾಗದಲ್ಲಿ 30 ದಾಟುತ್ತದೆ. ವೈರಿನ ತಡೆ ಜಾಸ್ತಿ ಇದ್ದರೆ 6 ಓಮ್ ಇರುವ ಕಡೆ ಸದ್ದು ಹೆಚ್ಚು ಕುಗ್ಗುತ್ತದೆ, 30 ಇರುವ ಕಡೆ ಅಷ್ಟಾಗಿ ಕುಗ್ಗುವುದಿಲ್ಲ. ಒಟ್ಟು ಸದ್ದು ಕಡಿಮೆಯಾಗುವುದಷ್ಟೇ ಅಲ್ಲ, ಹಾಡಿನ ಬಣ್ಣವೇ ಬದಲಾಗುತ್ತದೆ. ಅದನ್ನು ವಾಲ್ಯೂಮ್ ಗುಂಡಿಯಿಂದ ಸರಿ ಮಾಡೋಕೆ ಆಗಲ್ಲ. ಗೆರೆಯ ಒಳಗಿದ್ದರೆ ಆ ಬದಲಾವಣೆ ಕಿವಿಗೆ ತಾಗದಷ್ಟು ಸಣ್ಣದಾಗಿರುತ್ತದೆ.

ಈಗ ನಿಮ್ಮ ತುಂಡಿಗೆ ಬರೋಣ. ಕೈಗೆತ್ತಿಕೊಂಡ ಕೂಡಲೇ ಅನುಮಾನ ಬಂತು, ಅಷ್ಟು ಹಗುರ. ಹೊರಗಿನಿಂದ ನೋಡಿದರೆ ಎರಡೂವರೆ ಎಂಎಂ ವೈರಿನಷ್ಟು ದಪ್ಪ. ಸುಲಿದರೆ ಪ್ಲಾಸ್ಟಿಕ್ಕೇ ಮುಕ್ಕಾಲು. ಒಂದು ತಂತಿಯ ಎಳೆಗಳನ್ನು ಬಿಡಿಸಿ ಬಿಳಿ ಹಾಳೆಯ ಮೇಲೆ ಹರಡಿದೆ. ನಿಮ್ಮೂರಿನಲ್ಲಿ ಎಳೆ ಎಣಿಸುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. 40 ಎಳೆ ಇದ್ದವು. ಮೈಕ್ರೊಮೀಟರಿಗೆ ಕೊಟ್ಟರೆ ಒಂದೊಂದು 0.15 ಎಂಎಂ. ನಿಮ್ಮ ಹತ್ತಿರ ಮೈಕ್ರೊಮೀಟರ್ ಇಲ್ಲದಿದ್ದರೆ ಒಂದು ಎಳೆಯನ್ನು ಪೆನ್ಸಿಲ್ಲಿಗೆ ಒತ್ತೊತ್ತಾಗಿ 20 ಸುತ್ತು ಸುತ್ತಿ, ಸ್ಕೇಲ್ ಹಿಡಿದು ಅಗಲ ನೋಡಿ, 20ರಿಂದ ಭಾಗಿಸಿ. ಅಡ್ಡಗಲವನ್ನು ಅಡ್ಡಗಲದಿಂದ ಗುಣಿಸಿ, 0.785ರಿಂದ ಗುಣಿಸಿ, ಎಳೆಗಳ ಸಂಖ್ಯೆಯಿಂದ ಗುಣಿಸಿದರೆ ಚದರ ಎಂಎಂ ಬರುತ್ತದೆ. ನಿಮ್ಮ ವೈರಿಗೆ ಬಂದದ್ದು 0.7.

ಅದೂ ಪೂರ್ತಿ ತಾಮ್ರವಾಗಿದ್ದರೆ ಒಂದು ಮಾತು. ಒಂದು ಎಳೆಯನ್ನು ಬ್ಲೇಡಿನಿಂದ ಮೆತ್ತಗೆ ಕೆರೆದೆ. ಮೇಲೆ ಕೆಂಪು, ಒಳಗೆ ಬಿಳಿ. ಲೈಟರಿನ ಉರಿಗೆ ಹಿಡಿದರೆ ತುದಿ ಕರಗಿ ಮುದುಡಿಕೊಂಡಿತು. ತಾಮ್ರ ಹಾಗೆ ಕರಗುವುದಿಲ್ಲ, ಕೆಂಪಗೆ ಕಾಯುತ್ತದೆ ಅಷ್ಟೇ. ತಾಮ್ರ ಕರಗೋಕೆ 1085 ಡಿಗ್ರಿ ಬೇಕು, ಅಲ್ಯೂಮಿನಿಯಂಗೆ 660 ಸಾಕು. ಇದು ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಪದರ ಕೊಟ್ಟ ವೈರ್. ಅಂಗಡಿಗಳಲ್ಲಿ ಸಿಸಿಎ ಅನ್ನುತ್ತಾರೆ. ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಇದು ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಕರೆಂಟ್ ಸಾಗಿಸುತ್ತದೆ. ಅಂದರೆ ನಿಮ್ಮ 0.7ರ ವೈರ್ ತಾಮ್ರದ ಲೆಕ್ಕದಲ್ಲಿ ಅರ್ಧ ಚದರ ಎಂಎಂ ಕೂಡ ಇಲ್ಲ. 12 ಮೀಟರಿಗೆ ಒಟ್ಟು ತಡೆ 0.93 ಓಮ್ ಹತ್ತಿರ. 50 ವ್ಯಾಟಿನಲ್ಲಿ 40 ಮಾತ್ರ ಸ್ಪೀಕರ್ ಮುಟ್ಟುತ್ತಿದೆ. ಈ ವೈರನ್ನು ಬದಲಾಯಿಸಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. ಬಿಳಿ ಕಂಡ ಕೂಡಲೇ ಮೋಸ ಅಂದುಕೊಳ್ಳಬೇಡಿ. ಪಾರದರ್ಶಕ ವೈರಿನಲ್ಲಿ ಒಂದು ತಂತಿ ಕೆಂಪು, ಒಂದು ಬಿಳಿ ಇರುವುದುಂಟು. ಪ್ಲಸ್ ಮೈನಸ್ ಗುರುತಿಗೆ ಒಂದಕ್ಕೆ ತವರ ಹಚ್ಚಿರುತ್ತಾರೆ. ಅದು ಮೇಲೆ ಬಿಳಿ, ಕೆರೆದರೆ ಒಳಗೆ ಕೆಂಪು. ಅದು ಒಳ್ಳೆಯ ವೈರ್. ಮೇಲೆ ಕೆಂಪು, ಒಳಗೆ ಬಿಳಿ ಇದ್ದರೆ ಬೇಡ. ಕೆರೆಯದೆ ಹೇಳೋಕೆ ಬರಲ್ಲ.

ನೀವು ವಿಜ್ಞಾನ ಕಲಿಸಿದವರೋ ಏನೋ ಗೊತ್ತಿಲ್ಲ, ಆದರೆ ಹೊಸ ವೈರ್ ತಂದ ಮೇಲೆ ಈ ಒಂದು ಪ್ರಯೋಗ ಮಾಡಿ. ಮಲ್ಟಿಮೀಟರಿನ ಓಮ್ ಗುಂಡಿ ಇಷ್ಟು ಸಣ್ಣ ತಡೆಗೆ ನಂಬಿಕೆಯದಲ್ಲ. ಅದರ ಕಡ್ಡಿಗಳ ವೈರೇ 0.2, 0.3 ಓಮ್ ತೋರಿಸುತ್ತದೆ. ಅದರ ಬದಲು 12 ವೋಲ್ಟ್ ಬ್ಯಾಟರಿ ತಗೊಳ್ಳಿ, ಕಾರಿನ ಹಿಂದಿನ ದೀಪದ 21 ವ್ಯಾಟ್ ಬಲ್ಬ್ ತಗೊಳ್ಳಿ. ಸ್ಪೀಕರ್ ವೈರಿನ ಒಂದು ತುದಿಯ ಎರಡೂ ತಂತಿಗಳನ್ನು ಒಂದಕ್ಕೊಂದು ಹೆಣೆಯಿರಿ. ಇನ್ನೊಂದು ತುದಿಯನ್ನು ಬಲ್ಬಿನ ಜೊತೆ ಸಾಲಾಗಿ ಬ್ಯಾಟರಿಗೆ ಜೋಡಿಸಿ. ಬಲ್ಬ್ ಹತ್ತುತ್ತದೆ. ಮೀಟರನ್ನು 10 ಆಂಪಿಯರ್ ಗುಂಡಿಗೆ ಇಟ್ಟು, ಅದೇ ಸಾಲಿನ ನಡುವೆ ಸೇರಿಸಿ ಎಷ್ಟು ಕರೆಂಟ್ ಹರಿಯುತ್ತಿದೆ ನೋಡಿಕೊಳ್ಳಿ, ಒಂದೂವರೆ ಒಂದೂಮುಕ್ಕಾಲು ಆಂಪಿಯರ್ ಇರುತ್ತದೆ. ಆಮೇಲೆ ಮೀಟರನ್ನು ತೆಗೆದು ಸರ್ಕ್ಯೂಟ್ ಕೂಡಿಸಿ, ವೋಲ್ಟ್ ಗುಂಡಿಗೆ ಇಟ್ಟು ಬರೀ ವೈರಿನ ಎರಡು ತುದಿಗಳ ನಡುವೆ ಅಳೆಯಿರಿ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್. 1.5 ಚದರ ಎಂಎಂ ನಿಜವಾದ ತಾಮ್ರವಾದರೆ ವೈರಿನ ಮೇಲೆ ಅರ್ಧ ವೋಲ್ಟಿನ ಆಸುಪಾಸು ಸಿಗಬೇಕು. ನಿಮ್ಮ ಹಳೆಯ ವೈರಿಗೆ ಒಂದೂವರೆ ವೋಲ್ಟ್ ಬರುತ್ತದೆ. ಬಲ್ಬ್ ಇಲ್ಲದೆ ವೈರನ್ನು ನೇರವಾಗಿ ಬ್ಯಾಟರಿಗೆ ಮಾತ್ರ ಹಿಡಿಯಬೇಡಿ, ವೈರ್ ಕಾದು ಹೊತ್ತಿಕೊಳ್ಳುತ್ತದೆ.

ಆದರೆ ಮಾಸ್ತರೇ, ಒಂದು ಮಾತು ನೇರವಾಗಿ ಹೇಳಬೇಕು. ಈ ವೈರ್ ಎಷ್ಟೇ ಕಳಪೆ ಆಗಿದ್ದರೂ ತಬಲಾದ ಎಡಗೈಯನ್ನು ಪೂರ್ತಿ ನುಂಗುವುದಿಲ್ಲ. ಅದು ತಿನ್ನುವುದು ಸುಮಾರು ಒಂದು ಡೆಸಿಬಲ್. ಬೇಸ್ ಕಾಣೆಯಾಗಿದೆ ಅಂತ ಬರುವ ಹತ್ತು ದೂರುಗಳಲ್ಲಿ ನಾನು ಮೊದಲು ನೋಡುವುದು ಒಂದೇ: ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ತಿರುವು ಮುರುವು ಆಗಿದೆಯೇ ಅಂತ. ಹಾಗಾದಾಗ ಒಂದು ಸ್ಪೀಕರಿನ ಕೋನ್ ಮುಂದೆ ಬಂದರೆ ಇನ್ನೊಂದರದು ಹಿಂದೆ ಹೋಗುತ್ತದೆ. ಒಂದು ಗಾಳಿ ತಳ್ಳಿದರೆ ಒಂದು ಎಳೆಯುತ್ತದೆ. ಮೇಲಿನ ಸ್ವರಗಳಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಕೆಳಗಿನ ಸ್ವರಗಳು ಒಂದನ್ನೊಂದು ಹೊಡೆದು ಹಾಕುತ್ತವೆ.

ಪರೀಕ್ಷೆ ಸುಲಭ. ಹಾಡು ಹಚ್ಚಿ ನಡುವೆ ಕೂತುಕೊಳ್ಳಿ. ಬ್ಯಾಲೆನ್ಸ್ ಗುಂಡಿಯನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ. ಒಂದೇ ಸ್ಪೀಕರ್ ಹಾಡುವಾಗ ಬೇಸ್ ಜಾಸ್ತಿ ಕೇಳಿದರೆ ತಿರುವು ಮುರುವು ಆಗಿರುವುದು ಖಚಿತ. ಆಂಪ್ಲಿಫೈಯರ್ ಆರಿಸಿ, ಒಂದು ಸ್ಪೀಕರಿನ ಎರಡು ತಂತಿ ಅದಲು ಬದಲು ಮಾಡಿ. ನಿಮ್ಮ ಪೆಟ್ಟಿಗೆ ಮನೆಯಲ್ಲೇ ಮಾಡಿಸಿದ್ದು, ಹಾಗಾಗಿ ತಪ್ಪು ಪೆಟ್ಟಿಗೆಯ ಒಳಗೂ ಇರಬಹುದು. ಆಂಪ್ಲಿಫೈಯರಿನಿಂದ ತಂತಿ ಬಿಚ್ಚಿ, 1.5 ವೋಲ್ಟಿನ ಒಂದು ಸೆಲ್ ತಗೊಂಡು ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ದೊಡ್ಡ ಕೋನ್ ನಿಮ್ಮ ಕಡೆ ಹಾರಬೇಕು. ಎರಡೂ ಪೆಟ್ಟಿಗೆ ಒಂದೇ ರೀತಿ ಹಾರಿದರೆ ಒಳಗೆಲ್ಲ ಸರಿ ಇದೆ. ಇದೂ ಸರಿ ಇದ್ದು ಬೇಸ್ ಬರದಿದ್ದರೆ ಪೆಟ್ಟಿಗೆಯ ಸಂದುಗಳಿಂದ ಗಾಳಿ ಸೋರುತ್ತಿದೆಯೇ ನೋಡಿ, ಸ್ಪೀಕರನ್ನು ಗೋಡೆಗೆ ಸ್ವಲ್ಪ ಹತ್ತಿರ ಸರಿಸಿ. ಒಂದು ಅಡಿ ಸರಿಸಿದ್ದಕ್ಕೆ ಆಗುವ ಬದಲಾವಣೆ ಯಾವ ವೈರಿನಿಂದಲೂ ಆಗುವುದಿಲ್ಲ.

ನಿಮ್ಮ ಗೆಳೆಯರ ಮಾತು, ಒಂದೇ ಉದ್ದ ಇರಬೇಕು ಅನ್ನುವುದು. ಬೇಡ. 9 ಮೀಟರ್ ಹೆಚ್ಚಿನ ವೈರ್ ದಾಟಲು ವಿದ್ಯುತ್ತಿಗೆ ಸೆಕೆಂಡಿನ ಎರಡು ಕೋಟಿಯಲ್ಲಿ ಒಂದು ಪಾಲು ಸಾಕು. ಅಷ್ಟು ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ ಒಂದು ತಲೆಗೂದಲಿನ ದಪ್ಪದಷ್ಟೂ ಮುಂದೆ ಹೋಗುವುದಿಲ್ಲ. ಎರಡು ಕಡೆಯ ಜೋರಿನಲ್ಲಿ ಬರುವ ವ್ಯತ್ಯಾಸ, 1.5ರ ವೈರಿನಲ್ಲಿ, ಕಾಲು ಡೆಸಿಬಲ್. ಎಡಕ್ಕೆ 3, ಬಲಕ್ಕೆ 12 ಮೀಟರ್ ಹಾಕಿ. ಉಳಿದ 9 ಮೀಟರನ್ನು ಸುಮ್ನೆ ಸುರುಳಿ ಸುತ್ತಿ ಸೋಫಾದ ಹಿಂದೆ ಇಡಬೇಕಾಗಿಲ್ಲ.

ಮಗನಿಗೂ ಹೇಳಿ. ಆಮ್ಲಜನಕ ಇಲ್ಲದ ತಾಮ್ರ ಅಂತ ಜಾಹೀರಾತಿನಲ್ಲಿ ಬರುತ್ತದಲ್ಲ, ಅದಕ್ಕೂ ಸಾಮಾನ್ಯ ವೈರಿನ ತಾಮ್ರಕ್ಕೂ ತಡೆಯಲ್ಲಿ ವ್ಯತ್ಯಾಸ ನೂರಕ್ಕೆ ಒಂದು. ರೆಡಿಮೇಡ್ ಕೇಬಲ್ಲಿನ ಅಂದ, ಗಟ್ಟಿ ಪ್ಲಗ್ ಇಷ್ಟವಾದರೆ ತರಿಸಿಕೊಳ್ಳಲಿ, ತಪ್ಪೇನಿಲ್ಲ. ಸದ್ದಿಗಾಗಿ ಬೇಡ.

ಹಾಗಾದರೆ ಏನು ತರಬೇಕು? ವೈರ್ ಗೋಡೆಯ ಹೊರಗೆ ಬರುವುದಾದರೆ 1.5 ಚದರ ಎಂಎಂ, ಎರಡೂ ಕಡೆಗೆ. ಮನೆ ವೈರಿಂಗಿನ ಬಹು ಎಳೆಯ ವೈರೇ ಸಾಕು, ಕೆಂಪು ಒಂದು, ಕಪ್ಪು ಒಂದು. ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 694 ಅಂತ ಅಚ್ಚಾಗಿರಬೇಕು. ಎಲೆಕ್ಟ್ರಿಕ್ ಹುಡುಗ ಹೇಳಿದ 1 ಎಂಎಂ ಮನೆಯಲ್ಲಿ ಉಳಿದಿದ್ದರೆ ಎಡ ಸ್ಪೀಕರಿನ 3 ಮೀಟರಿಗೆ ಧಾರಾಳವಾಗಿ ಬಳಸಿ. ಅವನ ಮಾತು ಪೂರ್ತಿ ತಪ್ಪಲ್ಲ. 12 ಮೀಟರಿಗೂ ಅದು ಕೂದಲೆಳೆಯಲ್ಲಿ ತಪ್ಪುತ್ತದೆ ಅಷ್ಟೇ. ಆದರೆ ಮುಂದೆ ಎಂದಾದರೂ 4 ಓಮಿನ ಸ್ಪೀಕರ್ ತಂದರೆ ಎಲ್ಲ ಲೆಕ್ಕ ದುಪ್ಪಟ್ಟು ಬಿಗಿಯಾಗುತ್ತದೆ. ಅದಕ್ಕೇ ವೈರನ್ನು ಗೋಡೆಯೊಳಗೆ ಹಾಕುವುದಾದರೆ 2.5 ಹಾಕಿಸಿಬಿಡಿ. ಪ್ಲಾಸ್ಟರ್ ಒಡೆದು ಮತ್ತೆ ಎಳೆಯುವ ಖರ್ಚಿನ ಮುಂದೆ ಹೆಚ್ಚಿನ ತಾಮ್ರದ ದುಡ್ಡು ಏನೂ ಅಲ್ಲ.

ಗೋಡೆಯೊಳಗೆ ಹಾಕಿದರೆ ಅದಕ್ಕೆ ಬೇರೆಯೇ ಪೈಪ್ ಇರಲಿ. ಲೈಟಿನ ವೈರ್ ಹೋಗುವ ಪೈಪಿನಲ್ಲಿ ಸ್ಪೀಕರ್ ವೈರ್ ತೂರಿಸಬೇಡಿ. ಜಾಗ ಇದೆಯಲ್ಲ ಅಂತ ಎಷ್ಟೋ ಕಡೆ ತೂರಿಸುತ್ತಾರೆ. ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಉಜ್ಜಿ ಹೋದರೆ 230 ವೋಲ್ಟ್ ನಿಮ್ಮ ಆಂಪ್ಲಿಫೈಯರಿನ ಹಿಂಬದಿಗೆ ಬಂದು ನಿಲ್ಲುತ್ತದೆ.

ಮನೆಯಲ್ಲಿ ಕೇಬಲ್ ಮಾಡುವ ರೀತಿ ಹೀಗೆ. ಎರಡೂ ತಂತಿಯನ್ನು ಬೇಕಾದ ಅಳತೆಗಿಂತ ಒಂದು ಮೀಟರ್ ಜಾಸ್ತಿ ಕತ್ತರಿಸಿ, ಹೆಣೆದರೆ ಉದ್ದ ತಗ್ಗುತ್ತದೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಡ್ರಿಲ್ ಮಷೀನಿನ ಬಾಯಿಗೆ ಕೊಟ್ಟು ನಿಧಾನಕ್ಕೆ ತಿರುಗಿಸಿದರೆ ಹಗ್ಗದ ಹಾಗೆ ಚಂದ ಹೆಣೆದುಕೊಳ್ಳುತ್ತದೆ. ತುದಿ ಸುಲಿಯುವಾಗ ಎಳೆ ಕತ್ತರಿಸಬಾರದು. ಹಲ್ಲಿನಿಂದ ಎಳೆಯುವುದನ್ನು ಬಿಟ್ಟು ಒಂದು ಸ್ಟ್ರಿಪ್ಪರ್ ತಗೊಳ್ಳಿ. ಹಳೆಯ ಆಂಪ್ಲಿಫೈಯರ್ ಅಂದಿರಿ, ಹಿಂದೆ ಒತ್ತಿದರೆ ಬಾಯಿ ಬಿಡುವ ಸ್ಪ್ರಿಂಗ್ ಟರ್ಮಿನಲ್ ಇರಬಹುದು. ಅದರೊಳಗೆ 4 ಎಂಎಂ ಹೋಗುವುದೇ ಇಲ್ಲ. ಹೋಗಲಿಲ್ಲ ಅಂತ ಅರ್ಧ ಎಳೆ ಕತ್ತರಿಸಿ ತೂರಿಸಿದ್ದನ್ನು ನಾನು ಎಷ್ಟೋ ಸಲ ಬಿಚ್ಚಿದ್ದೇನೆ. ದಪ್ಪ ವೈರ್ ಕೊಂಡು ಬಾಗಿಲಲ್ಲೇ ತೆಳು ಮಾಡಿದ ಹಾಗಾಯಿತು.

ಸ್ಕ್ರೂ ಕೆಳಗೆ ಹೋಗುವ ತುದಿಗೆ ಬೆಸುಗೆ ಹಾಕಬೇಡಿ. ಬೆಸುಗೆಯ ಸೀಸ ತವರ ಮೆತ್ತಗಿರುತ್ತವೆ, ಒತ್ತಡಕ್ಕೆ ದಿನಗಳೆದಂತೆ ಚಪ್ಪಟೆಯಾಗಿ ಸ್ಕ್ರೂ ಸಡಿಲವಾಗುತ್ತದೆ. ತುದಿಗೆ ಹಾಕುವ ತಾಮ್ರದ ಲಗ್ ಒತ್ತಿಸಿದರೆ ಎಳೆ ಚಾಚುವ ಭಯವೂ ಇಲ್ಲ. ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ಬಿಟ್ಟ ತುದಿಗಳು ಒಂದೆರಡು ವರ್ಷಕ್ಕೆ ಕಪ್ಪಾಗಿ ಹಸಿರು ಹಿಡಿಯುತ್ತವೆ. ನಿಮ್ಮ ಕಡೆ ಒಣ ಹವೆ, ಅಷ್ಟು ಬೇಗ ಆಗಲಿಕ್ಕಿಲ್ಲ. ಆದರೂ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ತುದಿ ಸುಲಿಯಿರಿ.

ಕೊನೆಗೆ ಭಜನಾ ಮಂಡಳಿಯ ಹಾರ್ನ್. ಅಲ್ಲಿ ಲೆಕ್ಕ ಬೇರೆ. ಹಾರ್ನಿನ ಯೂನಿಟ್ ಸಾಮಾನ್ಯವಾಗಿ 16 ಓಮ್. ಎರಡನ್ನು ಪ್ಯಾರಲಲ್ ಆಗಿ ಜೋಡಿಸಿದರೆ 8. 60 ಮೀಟರ್ ದೂರಕ್ಕೆ 120 ಮೀಟರ್ ತಂತಿ. 1.5ರ ವೈರಿನಲ್ಲೂ 1.6 ಓಮ್ ತಡೆ ಬರುತ್ತದೆ, ಹಾರ್ನಿಗೆ ತಲುಪುವ ಶಕ್ತಿ ನೂರಕ್ಕೆ 30ರಷ್ಟು ಕಡಿಮೆಯಾಗುತ್ತದೆ. ಇದಕ್ಕೆ ವೈರ್ ದಪ್ಪ ಮಾಡುತ್ತಾ ಹೋಗುವುದು ದಾರಿಯಲ್ಲ. ಗುಡಿಗಳಲ್ಲಿ ಬಳಸುವ ಆಂಪ್ಲಿಫೈಯರಿನ ಹಿಂದೆ 4, 8, 16 ಓಮಿನ ಜೊತೆ 100 ವೋಲ್ಟ್ ಅಂತ ಒಂದು ಟರ್ಮಿನಲ್ ಇರುತ್ತದೆ. ಅದರಿಂದ ವೈರ್ ಎಳೆದು, ಪ್ರತಿ ಹಾರ್ನಿಗೂ ಆ ವೋಲ್ಟನ್ನು ಹಾರ್ನಿಗೆ ತಕ್ಕಷ್ಟು ಇಳಿಸುವ ಒಂದು ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿ. 30 ವ್ಯಾಟಿನ ಎರಡು ಹಾರ್ನಿಗೆ ಆಗ ಹರಿಯುವುದು ಬರೀ 0.6 ಆಂಪಿಯರ್. 1 ಚದರ ಎಂಎಂ ವೈರಿನಲ್ಲೂ ನಷ್ಟ ಲೆಕ್ಕಕ್ಕೆ ಸಿಗದಷ್ಟು. ಬಿಸಿಲು, ಗಾಳಿ, ಎಳೆತ ತಡೆಯಲಿ ಅಂತ ಮೇಲೆ ಇನ್ನೊಂದು ಹೊದಿಕೆ ಇರುವ ಎರಡು ಕೋರಿನ ಗುಂಡು ಕೇಬಲ್ ತಗೊಳ್ಳಲಿ. ಎಲ್ಲ ಹಾರ್ನ್‌ಗಳ ವ್ಯಾಟ್ ಕೂಡಿಸಿದರೆ ಆಂಪ್ಲಿಫೈಯರಿನ ವ್ಯಾಟ್ ಮೀರಬಾರದು. ಟ್ರಾನ್ಸ್‌ಫಾರ್ಮರ್ ಇಲ್ಲದ ಹಾರ್ನನ್ನು 100 ವೋಲ್ಟಿಗೆ ಕೊಟ್ಟರೆ ಕಾಯಿಲ್ ಸುಟ್ಟಿತು ಅಂತಲೇ ಲೆಕ್ಕ.

ಆ ಲೈನಿನಲ್ಲಿ 100 ವೋಲ್ಟ್ ಇರುತ್ತದೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಜೋಡಣೆಗಳು ಬರೀ ಟೇಪ್ ಸುತ್ತಿ ನೆಲದ ಮೇಲೆ ಬಿದ್ದಿರಬಾರದು, ಡಬ್ಬಿಯೊಳಗೆ ಇರಬೇಕು, ಮಕ್ಕಳ ಕೈಗೆ ಎಟುಕಬಾರದು.

ಇನ್ನೊಂದು. ಹಳೆಯ ಹಾರ್ನ್ ವೈರ್‌ಗಳ ತುದಿಗೆ ಎರಡು ಪಿನ್ನಿನ ಸಾದಾ ಪ್ಲಗ್ ಹಾಕಿರುವ ರೂಢಿ ನಮ್ಮ ಕಡೆ ಇನ್ನೂ ಇದೆ. ಒಂದು ಗಣಪತಿ ಹಬ್ಬದಲ್ಲಿ ಮಂಟಪದ ಹುಡುಗನೊಬ್ಬ ಅಂಥ ಪ್ಲಗ್ಗನ್ನು ಲೈಟಿನ ಬೋರ್ಡಿಗೆ ಚುಚ್ಚಿಬಿಟ್ಟ. ಪ್ಲಗ್ ನೋಡಿದರೆ ಯಾರಾದರೂ ಅಲ್ಲೇ ಚುಚ್ಚುವವರು. ಹಾರ್ನ್ ಒಮ್ಮೆ ಗುರ್ ಅಂದು ಹೊಗೆ ಬಿಟ್ಟಿತು. ಯೂನಿಟ್ ನನ್ನ ಮೇಜಿಗೆ ಬಂದಾಗ ಕಾಯಿಲ್ ಇದ್ದಿಲಾಗಿತ್ತು. ಆ ಲೈನಿನ ನಡುವೆ ಟೇಪ್ ಬಿಚ್ಚಿದ ಎರಡು ಜೋಡಣೆ ಇದ್ದವು, ಆ ಹೊತ್ತಿಗೆ ಯಾರೂ ಅದನ್ನು ಹಿಡಿದಿರಲಿಲ್ಲ. ನಿಮ್ಮ ಮಂಡಳಿಯ ಹಾರ್ನ್ ವೈರಿನಲ್ಲಿ ಅಂಥ ಪ್ಲಗ್ ಇದ್ದರೆ ಹೊಸ ವೈರ್ ಬರುವ ತನಕ ಕಾಯಬೇಡಿ, ಇವತ್ತೇ ಕತ್ತರಿಸಿ ಹಾಕಿಸಿ.